ಕೈಚಳಕವೂ ಒಂದು ಕಾಯಕ

ರಜೆಯ ದಿನಗಳಲ್ಲಿ ಮಕ್ಕಳು ಸಂಗೀತವನ್ನೋ ಚಿತ್ರಕಲೆಯನ್ನೋ ಕಲಿಯಬಯಸಿದರೆ ಹಿರಿಯರು ಹರ್ಷಿಸುತ್ತಾರೆ. ಜಾದೂ ಕಲಿಯುವೆನೆಂದರೆ ಮಾತ್ರ ಹುಬ್ಬು ಗಂಟಿಕ್ಕುತ್ತಾರೆ. ಅದು ಮಾಟ-ಮಂತ್ರಕ್ಕೆ ಹತ್ತಿರದ್ದಲ್ಲವೆ, ಮೋಸದ ವಿದ್ಯೆಯಲ್ಲವೆ, ಶರಣರ ಮನೆಯಲ್ಲಿ ಅದಕ್ಕೆ ಎಡೆಯುಂಟೆ ಎಂಬ ಶಂಕೆ ಅವರದು. ಈ ಶಂಕೆಯನ್ನು ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ಜಾದೂವಿನಲ್ಲಿ ಮಂತ್ರಶಕ್ತಿಯಿಲ್ಲ, ಇರುವುದು ಅಭ್ಯಾಸ. ಕಲಿಯುವವನು ಮೊದಲು ಒಂದು ನಾಣ್ಯವನ್ನು ಅಂಗೈಯ ಸ್ನಾಯುಗಳ ನಡುವೆ ಒತ್ತಿ ಹಿಡಿದು, ಬೆರಳುಗಳು ಸಡಿಲವಾಗಿರುವಂತೆ ತೋರಿಸುವುದನ್ನು ಸಾಧಿಸಬೇಕು. ಬಳಿಕ ಬಲಗೈಯ ನಾಣ್ಯವನ್ನು ಎಡಗೈಗೆ ಇಟ್ಟಂತೆ ನಟಿಸಿ ಬಲಗೈಯಲ್ಲಿಯೇ ಉಳಿಸಿಕೊಳ್ಳಬೇಕು. ಆಗ ಅವನ ಕಣ್ಣು ಎಡಗೈಯ ಮೇಲಿರಬೇಕು. ಅವನು ನೋಡಿದೆಡೆಗೇ ಸಭೆಯೂ ನೋಡುತ್ತದೆ. ಕೇಳಲು ಸುಲಭವೆನಿಸಿದರೂ ಕನ್ನಡಿಯ ಮುಂದೆ ಬಹುಕಾಲ ಸಾಧನೆ ಮಾಡದೆ ಇದು ಕೈಗೂಡದು. ಮುಂದೇನಾಗುವುದೆಂದು ಮೊದಲೇ ಹೇಳಬಾರದು, ಒಂದೇ ಆಟವನ್ನು ಅದೇ ಸಭೆಗೆ ಮರಳಿ ತೋರಿಸಬಾರದು ಎಂಬ ನಿಯಮಗಳೂ ಉಂಟು. ತಾಳ್ಮೆ, ಮಾತಿನ ಹದ, ಸಭೆಯ ಮುಂದೆ ನಿಲ್ಲುವ ಧೈರ್ಯ, ಇವೆಲ್ಲವೂ ಮಕ್ಕಳಿಗೆ ಇದರಿಂದ ಲಭಿಸುತ್ತವೆ.

ಈ ವಿದ್ಯೆಯ ಪ್ರಭಾವ ಎಷ್ಟೆಂಬುದಕ್ಕೆ ಬಂಗಾಳದ ಪಿ.ಸಿ. ಸರ್ಕಾರ್ (1913-1971) ಅವರ ಪ್ರಸಂಗವೊಂದೇ ಸಾಕು. 1956ರಲ್ಲಿ ಅವರು ಬಿ.ಬಿ.ಸಿ. ದೂರದರ್ಶನದಲ್ಲಿ ತರುಣಿಯೊಬ್ಬಳನ್ನು ಗರಗಸದಿಂದ ಕತ್ತರಿಸುವ ಆಟ ತೋರಿಸಿದರು. ಆಕೆ ಎದ್ದು ನಿಲ್ಲುವ ಮುನ್ನವೇ ಕಾರ್ಯಕ್ರಮ ಮುಗಿಯಿತು. ಆಕೆ ಸತ್ತಳೆಂದೇ ಭಾವಿಸಿದ ಪ್ರೇಕ್ಷಕರು ದೂರವಾಣಿ ಕರೆಗಳ ಮಳೆಗರೆದರು. ವಿದ್ಯಾವಂತರ ಕಣ್ಣೂ ಮೋಸಹೋಗುತ್ತದೆಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಬರಿಗೈಯಿಂದ ವಿಭೂತಿ ಸೃಷ್ಟಿಸುವೆವೆಂದು ಹೇಳಿಕೊಂಡು ಕಾಣಿಕೆ ಪಡೆಯುವವರುಂಟು. ಬೂದಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಗುಳಿಗೆಯನ್ನು ಹೆಬ್ಬೆರಳಿನ ಬುಡದಲ್ಲಿ ಅಡಗಿಸಿ, ಕೈ ತಿರುಗಿಸುವಾಗ ಬೆರಳತುದಿಗೆ ತಂದು ಪುಡಿಮಾಡಿದರೆ ಆ 'ಪವಾಡ' ಮುಗಿಯಿತು. ಅಷ್ಟಾವರಣಗಳಲ್ಲೊಂದಾದ ವಿಭೂತಿಯನ್ನು ಹೀಗೆ ಸಂಪಾದನೆಯ ಸರಕಾಗಿಸುವುದು ಭಕ್ತಿಗೇ ಬಗೆದ ದ್ರೋಹ. ಮನೆಯಲ್ಲಿ ಕಾಯಿಲೆಯೋ ಸಾಲವೋ ಇದ್ದಾಗ ಇಂಥವರ ಕೈಗೆ ಸಿಕ್ಕಿದ ಸಂಸಾರ, ವೈದ್ಯರಿಗೆ ಕೊಡಬೇಕಾದ ಹಣವನ್ನೂ ಅಮೂಲ್ಯವಾದ ಸಮಯವನ್ನೂ ಕಳೆದುಕೊಳ್ಳುತ್ತದೆ. ನಾಣ್ಯವನ್ನು ಅಡಗಿಸಲು ಕಲಿತ ಬಾಲಕನಾದರೋ ಆ ಗುಳಿಗೆ ಎಲ್ಲಿ ಅಡಗಿದೆಯೆಂಬುದನ್ನು ಊಹಿಸಬಲ್ಲ. ಅಮೆರಿಕದ ಪ್ರಸಿದ್ಧ ಜಾದೂಗಾರ ಹೂಡಿನಿ (1874-1926) ತನ್ನ ಕೊನೆಯ ವರ್ಷಗಳಲ್ಲಿ, ಸತ್ತವರೊಡನೆ ಮಾತನಾಡಿಸುವೆವೆಂದು ಶೋಕತಪ್ತರನ್ನು ವಂಚಿಸುತ್ತಿದ್ದವರ ಬಣ್ಣ ಬಯಲು ಮಾಡಿದ್ದು ಈ ವಿದ್ಯೆಯ ಬಲದಿಂದಲೇ.

ಹಾಗಾದರೆ ಕಲೆಗೂ ವಂಚನೆಗೂ ಭೇದವೇನು? ಜಾದೂಗಾರನು 'ಇದು ಆಟ' ಎಂದು ಒಪ್ಪಿಕೊಂಡೇ ಬೆರಗುಗೊಳಿಸುತ್ತಾನೆ. ವಂಚಕನು 'ಇದು ದೈವಶಕ್ತಿ' ಎಂದು ನಂಬಿಸಿ ದೋಚುತ್ತಾನೆ. ಕೈಚಳಕ ಒಂದೇ, ಮನಸ್ಸು ಬೇರೆ. 12ನೆಯ ಶತಮಾನದಲ್ಲಿ ಬಹುರೂಪಿ ಚೌಡಯ್ಯನವರು ವೇಷ ಧರಿಸಿ ಜನರನ್ನು ರಂಜಿಸುವ ಕಾಯಕವನ್ನು ಕೈಗೊಂಡೇ ಶರಣರ ಗಣದಲ್ಲಿ ಸ್ಥಾನ ಪಡೆದರು. ರಂಜನೆಯ ವೃತ್ತಿಯನ್ನು ಶರಣರು ಹೀನವೆಂದು ಎಣಿಸಲಿಲ್ಲ. ಕಾಯಕದಲ್ಲಿ ಸತ್ಯಶುದ್ಧಿಯನ್ನು ಮಾತ್ರ ಬೇಡಿದರು.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿಯನ್ನು ಏಕಾಗ್ರಗೊಳಿಸುವ ಸಂಸ್ಕಾರ ನಮ್ಮದು. ನೋಟ ಚದುರಿದಲ್ಲಿ ಮೋಸಕ್ಕೆ ಎಡೆಯೆಂಬುದನ್ನು ಜಾದೂ ಬೇರೊಂದು ಬಗೆಯಿಂದ ಕಲಿಸುತ್ತದೆ. ಆದುದರಿಂದ ಮಕ್ಕಳು ಈ ಕಲೆಯನ್ನು ಅವಶ್ಯ ಕಲಿಯಲಿ. ಬೆಂಕಿ, ಕತ್ತಿಗಳ ಆಟ ಅವರಿಗೆ ಬೇಡ. ನಾಣ್ಯ, ದಾರ, ಕರವಸ್ತ್ರಗಳೇ ಸಾಕು. ಆಟ ತೋರಿಸಿದ ಮೇಲೆ, 'ಇದು ನನ್ನ ಅಭ್ಯಾಸದ ಫಲ, ಪವಾಡವಲ್ಲ' ಎಂದು ಸಭೆಗೆ ಕೈಮುಗಿದು ಹೇಳುವುದನ್ನು ತಂದೆತಾಯಿಗಳು ಮೊದಲ ಪಾಠವಾಗಿ ಕಲಿಸಲಿ.