ದಾಳ ಹಾಕುವ ಮೊದಲು ಬೀಗ ಹಾಕಿ

ಮೊಬೈಲಿನಲ್ಲಿ ಸಿಂಥಸೈಜರ್ ಆ್ಯಪ್ ಇಟ್ಟುಕೊಂಡವರಿಗೆ ದಾಳದ ಚಿತ್ರವಿರುವ ಪುಟ್ಟ ಬಟನ್ ಗೊತ್ತಿರುತ್ತದೆ. ಅದನ್ನು ಒತ್ತಿದರೆ ಪರದೆಯ ನಾಬ್‌ಗಳೆಲ್ಲ ತಾವೇ ತಿರುಗಿ ಎಲ್ಲೆಲ್ಲೋ ನಿಲ್ಲುತ್ತವೆ, ಅಲ್ಲಿಯವರೆಗೆ ಕೇಳಿರದ ಸದ್ದೊಂದು ಹೊರಡುತ್ತದೆ. ಸಂಗೀತ ಕಲಿತವರು ಇದನ್ನು ಕಳ್ಳದಾರಿ ಎನ್ನುತ್ತಾರೆ. ಕಲಿಯದ ನನ್ನಂಥವರು ವರ ಎಂದುಕೊಳ್ಳುತ್ತೇವೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಎತ್ತಿನ ಕೊರಳ ಗಂಟೆಯ ಸದ್ದೊಂದನ್ನು ಕಳೆದುಕೊಂಡ ಮೇಲೆ ಈ ಅಭಿಪ್ರಾಯಕ್ಕೆ ಬಂದಿದ್ದೇನೆ.

ನಾನಿರುವುದು ಪುಣೆಯ ವಿಮಾನ ನಗರದಲ್ಲಿ. ಲೋಹೆಗಾಂವ್ ವಾಯುಪಡೆ ನೆಲೆ ಪಕ್ಕದಲ್ಲೇ ಇರುವುದರಿಂದ ಸುಖೋಯ್ ಹಾರಿದಾಗ ಕಿಟಕಿಯ ಗಾಜು ನಡುಗುತ್ತದೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆದರೆ ರಾತ್ರಿ ಹತ್ತರ ಮೇಲೆ ಹಾರ್ಮೋನಿಯಂ ನುಡಿಸಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ! ಹಾಗಾಗಿ ಆಫೀಸು ಮುಗಿಸಿ ಬಂದವನಿಗೆ ಉಳಿದದ್ದು ಫೋನು ಮತ್ತು ಹೆಡ್‌ಫೋನು.

ಕಳೆದ ವರ್ಷ ಇಲ್ಲಿನ ನಮ್ಮ ಕನ್ನಡ ಗೆಳೆಯರ ಬಳಗ ರಾಜ್ಯೋತ್ಸವಕ್ಕೆ ನಾಟಕವೊಂದನ್ನು ಹಿಡಿದಿತ್ತು. ನಿರ್ದೇಶಕರು ಗದಗ ಕಡೆಯ ನಿವೃತ್ತ ನೌಕರರು, ನಮಗೆಲ್ಲ ಕಾಕಾ. ರಾತ್ರಿ ಚಕ್ಕಡಿ ಊರಿಗೆ ಮರಳುವ ದೃಶ್ಯಕ್ಕೆ ಗಂಟೆಯ ಸದ್ದು ಬೇಕಿತ್ತು. ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನು ಕೇಳಿಸಿದರೆ ತಲೆ ಆಡಿಸಿದರು. “ಖರೇ ಗಂಟಿ ಬ್ಯಾಡೋ ತಮ್ಮಾ. ನೆನಪಿನ್ಯಾಗ ಕೇಳಿಸ್ತದಲ್ಲ, ಆ ಗಂಟಿ ಬೇಕು.”

ದಾಳ ಒತ್ತುತ್ತಾ ಕುಳಿತೆ. ಒಮ್ಮೆ ಕುಕ್ಕರ್ ಸೀಟಿ, ಒಮ್ಮೆ ಸೊಳ್ಳೆ, ಹೆಚ್ಚಿನ ಸಲ ಬರೀ ಮೌನ. ನಡುರಾತ್ರಿಯ ಹೊತ್ತಿಗೆ ಅದು ಬಂತು. ದೂರದ, ತುಸು ಮಂಕಾದ, ನಿಧಾನ ಕರಗುವ ಗಂಟೆ. ಮಲಗಿದ್ದ ಕಾಕಾರನ್ನು ಎಬ್ಬಿಸಿ ಫೋನಿನಲ್ಲೇ ಕೇಳಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಫೋನಿಟ್ಟ ಮೇಲೆ ಆಸೆ ಹುಟ್ಟಿತು: ಇಷ್ಟು ಚೆನ್ನಾಗಿ ಬಂದಿದೆ, ಇನ್ನೊಮ್ಮೆ ಒತ್ತಿದರೆ ಇನ್ನೂ ಚೆನ್ನಾಗಿರಬಹುದು. ಒತ್ತಿದೆ. ಸೇವ್ ಮಾಡಿರಲಿಲ್ಲ, ಆ ಆ್ಯಪಿನಲ್ಲಿ ಹಿಂದಕ್ಕೆ ಹೋಗುವ ಬಟನ್ ಇರಲಿಲ್ಲ.

ಮರುದಿನ ತಾಲೀಮಿನಲ್ಲಿ ಕಾಕಾ ಕೇಳಿದರು, “ನಿನ್ನಿ ಕೇಳಿಸಿದ್ದ ಗಂಟಿ ಎಲ್ಲೈತಿ?”

“ಹೋತ್ರೀ ಕಾಕಾ.”

“ಎತ್ತ ಇದ್ದಿದ್ರ ಹುಡುಕಿ ತರಬಹುದಿತ್ತು” ಅಂದು ಸುಮ್ಮನಾದರು.

ಮತ್ತೆ ದಾಳ ಒತ್ತಿದರೆ ಅದೇ ಸಿಗುತ್ತದೆಯೇ? ಲೆಕ್ಕ ಹಾಕಿ ನೋಡಿದೆ. ನಲವತ್ತು ನಾಬ್‌ಗಳು, ಒಂದೊಂದಕ್ಕೂ 128 ಸ್ಥಾನ ಎಂದುಕೊಂಡರೆ ಒಟ್ಟು ಜೋಡಣೆಗಳು 85 ಅಂಕಿಗಳ ಸಂಖ್ಯೆಯಷ್ಟು. ಅವುಗಳಲ್ಲಿ ಕಿವಿಗೆ ಹಿತವಾದವು ತೀರಾ ಕಡಿಮೆ. ಫಿಲ್ಟರ್ ಪೂರ್ತಿ ಮುಚ್ಚಿಕೊಂಡರೆ ಉಳಿದ ನಾಬ್‌ಗಳು ಎಲ್ಲಿದ್ದರೂ ಏನೂ ಕೇಳದು. ಅಟ್ಯಾಕ್ ಉದ್ದವಾದರೆ ಬೆರಳು ತೆಗೆಯುವ ಹೊತ್ತಿಗೂ ಸದ್ದು ಹುಟ್ಟಿರುವುದಿಲ್ಲ. ಒಂದು ನಾಬ್ ಕೆಟ್ಟರೆ ಉಳಿದವುಗಳ ಅದೃಷ್ಟವೂ ಹಾಳು.

ಕೊನೆಗೆ ಓದಲು ಕುಳಿತೆ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1973ರಲ್ಲೇ ಎಫ್‌ಎಂ ವಿಧಾನದಿಂದ ಗಂಟೆಯ ಸದ್ದು ಮಾಡುವುದನ್ನು ಬರೆದಿಟ್ಟಿದ್ದಾರೆ. 200 ಹರ್ಟ್ಸ್‌ನ ಒಂದು ಅಲೆಯನ್ನು 280 ಹರ್ಟ್ಸ್‌ನ ಇನ್ನೊಂದು ಅಲೆಯಿಂದ ಅಲುಗಿಸಬೇಕು. ಎರಡರ ಅನುಪಾತ 1:1.4. ಪೂರ್ಣಾಂಕವಲ್ಲದ್ದರಿಂದ ಲೋಹದ ಗುಣ ಬರುತ್ತದೆ. 1:1, 1:2 ಎಂದಿಟ್ಟರೆ ತುತ್ತೂರಿಯ, ಕೊಳಲಿನ ಜಾತಿಯ ಸದ್ದು. ಗಂಟೆ ಹೊಡೆದ ಕೂಡಲೇ ಸದ್ದು ತುದಿಗೇರಿ, ನಿಧಾನ ಇಳಿಯುತ್ತಾ, ಇಳಿದಂತೆ ಹೊಳಪೂ ಕಡಿಮೆಯಾಗಬೇಕು. ದಾಳ ನನಗೆ ಗಂಟೆ ಕೊಟ್ಟದ್ದು ಪವಾಡವೇನಲ್ಲ. ಎಫ್‌ಎಂನಲ್ಲಿ ಅನುಪಾತವನ್ನು ಮನಸ್ಸಿಗೆ ಬಂದಂತೆ ಇಟ್ಟರೆ ಪೂರ್ಣಾಂಕ ಬೀಳುವುದೇ ಅಪರೂಪ, ಲೋಹವೇ ಹೆಚ್ಚು.

ಅನುಪಾತವನ್ನು 1.4ಕ್ಕೆ ನಿಲ್ಲಿಸಿದೆ. ಅಟ್ಯಾಕ್ ಸೊನ್ನೆ ಮಾಡಿದೆ. ಎತ್ತಿನ ಗಂಟೆ ಚಿಕ್ಕದು, ಆದ್ದರಿಂದ ಶ್ರುತಿ ಏರಿಸಿ ಇಳಿತವನ್ನು ಗಿಡ್ಡ ಮಾಡಿದೆ. ಇಷ್ಟಕ್ಕೂ ಬೀಗ ಹಾಕಬಹುದಾದ ಬೇರೆ ಆ್ಯಪ್ ತಂದು, ಉಳಿದ ಐದಾರು ನಾಬ್‌ಗಳನ್ನು ಮಾತ್ರ ದಾಳಕ್ಕೆ ಬಿಟ್ಟೆ. ಹತ್ತು ಸಲ ಒತ್ತುವುದರೊಳಗೆ ಮೂರು ಒಳ್ಳೆಯ ಗಂಟೆಗಳು ಸಿಕ್ಕವು.

ಮಿರಜ್‌ನಲ್ಲಿ ತಂಬೂರಿ ಮಾಡುವವರು ಬಲ್ಲ ಕೆಲಸವೂ ಇದೇ. ಪುಣೆಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವ ನಾವೆಲ್ಲ ಆ ಸ್ಟೇಷನ್ನಿನಲ್ಲಿ ಚಹಾ ಕುಡಿದವರೇ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ತಂತಿಯನ್ನು ಶ್ರುತಿ ಮಾಡಿ, ಕುದುರೆಯ ಮೇಲೆ ತಂತಿಯಡಿ ನೂಲೆಳೆ ಇಟ್ಟು, ಕೂದಲೆಳೆಯಷ್ಟು ಸರಿಸುತ್ತಾ ಕೇಳುತ್ತಾರೆ. ಯಾವುದೋ ಒಂದು ಜಾಗದಲ್ಲಿ ತಂತಿ ಝೇಂಕರಿಸುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. (ನಮ್ಮ ಜವಾರಿ ಕೋಳಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಕಾಕಾರನ್ನು ಕೇಳಿ ಬೈಸಿಕೊಂಡಿದ್ದೇನೆ.) ನೂಲು ಸರಿಸುವಾಗ ಯಾರೂ ತಂತಿ, ಬುರುಡೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದಿಲ್ಲ.

ದಾಳವೆಂದರೆ ಸೋಮಾರಿತನ ಎನ್ನುವವರಿಗೂ ಒಂದು ಮಾತು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಇದೇ ಎಫ್‌ಎಂ ವಿಧಾನದ್ದು. ಅದನ್ನು ಹೊಂದಿಸುವುದು ಎಷ್ಟು ಕಷ್ಟವಾಗಿತ್ತೆಂದರೆ ಬಹುಪಾಲು ಜನ ಕಂಪನಿ ತುಂಬಿಕೊಟ್ಟ ಸದ್ದುಗಳನ್ನೇ ನುಡಿಸಿದರು. ಆ ದಶಕದ ಪಾಪ್ ಹಾಡುಗಳಲ್ಲಿ ಒಂದೇ ಎಲೆಕ್ಟ್ರಿಕ್ ಪಿಯಾನೊ ಮತ್ತೆ ಮತ್ತೆ ಕೇಳಿಸುವುದು ಅದಕ್ಕೇ. ಅದಕ್ಕಿಂತ ದಾಳ ವಾಸಿ. ಇನ್ನು ಜಾನ್ ಕೇಜ್ 1951ರಲ್ಲಿ ನಾಣ್ಯ ಚಿಮ್ಮಿ ಇಡೀ ಪಿಯಾನೊ ಕೃತಿಯನ್ನೇ ರಚಿಸಿದರು, ಆದರೆ ಯಾವ ನಾಣ್ಯ ಯಾವ ಪ್ರಶ್ನೆಗೆ ಉತ್ತರ ಎಂಬ ಪಟ್ಟಿಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದರು. ಅದನ್ನು ನುಡಿಸಿದ ಡೇವಿಡ್ ಟ್ಯೂಡರ್ ಅವರೇ 1969ರಲ್ಲಿ ಅಹಮದಾಬಾದಿನ ಎನ್‌ಐಡಿಯಲ್ಲಿ ಮೂಗ್ ಸಿಂಥಸೈಜರ್ ಸ್ಟುಡಿಯೊ ಕಟ್ಟಲು ನೆರವಾದವರು.

ಆ್ಯಪ್ ಮಾಡುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ನಾಬ್‌ಗೂ ಬೀಗ ಕೊಡಿ, ಎಷ್ಟು ಶೇಕಡಾ ಬದಲಾಗಬೇಕೆಂದು ಹೇಳಲು ಬಿಡಿ, ಹಿಂದಿನ ಇಪ್ಪತ್ತು ಸದ್ದುಗಳನ್ನು ನೆನಪಿಡಿ. ಕೆಲವು ಆ್ಯಪ್‌ಗಳು ಇದನ್ನು ಮಾಡಿವೆ. ಈ ವಿಷಯದಲ್ಲಿ ಪಿಯಾನೊ ಚಿತ್ರದ ಅಂದಕ್ಕೆ ಕೊಟ್ಟಷ್ಟು ಗಮನವನ್ನೂ ಕೊಡದವು ಇನ್ನೂ ಬಹಳ. ಬಳಸುವವರು ಸೇವ್ ಮಾಡಿದ ಸದ್ದಿಗೆ ಹೆಸರಿಡಿ, ಕನ್ನಡದಲ್ಲೇ ಇಡಿ. ನನ್ನ ಫೋನಿನಲ್ಲೀಗ ‘ಚಕ್ಕಡಿ ಗಂಟಿ 1’, ‘2’, ‘3’ ಇವೆ.

ನಾಟಕಕ್ಕೆ ಎರಡನೆಯದನ್ನು ಬಳಸಿದೆವು. ಕಾಕಾ ಒಪ್ಪಿದರು, ಆದರೆ ಆ ರಾತ್ರಿ ಫೋನಿನಲ್ಲಿ ಕೇಳಿದ್ದೇ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾರೆ. ಈ ವರ್ಷದ ನಾಟಕಕ್ಕೆ ಅವರಿಗೆ ಮಳೆ ಬೇಕಂತೆ, ಅದೂ ತಗಡಿನ ಮೇಲಲ್ಲ, ಮಾಳಿಗೆ ಮಣ್ಣಿನ ಮೇಲೆ ಬೀಳುವ ಮಳೆ.