ಗೃಹವಿಚಾರ: ನಾಯಿಬೆಕ್ಕುಗಳ ಕಲಹ

ವ್ಯಾಕರಣವನ್ನು ಬಲ್ಲವರಿಗೆ ಪಾಣಿನಿಯ ನಿಯಮವೊಂದು ನೆನಪಿರಬಹುದು. ಹುಟ್ಟಿನಿಂದಲೇ ಶಾಶ್ವತವಾದ ವೈರವುಳ್ಳ ಎರಡು ಪ್ರಾಣಿಗಳ ಹೆಸರುಗಳನ್ನು ಕೂಡಿಸಿ ದ್ವಂದ್ವಸಮಾಸವನ್ನು ಮಾಡಿದರೆ, ಅದು ಏಕವಚನದಲ್ಲಿಯೇ ನಿಲ್ಲತಕ್ಕದ್ದು. ಹಾವು ಮುಂಗುಸಿಗಳು, ಬೆಕ್ಕು ಇಲಿಗಳು ಇದಕ್ಕೆ ಪಾಠಶಾಲೆಗಳಲ್ಲಿ ಹೇಳಿಕೊಡುವ ಉದಾಹರಣೆಗಳು. ಇಂದು ಜಗಳವಾಡಿ ನಾಳೆ ಒಂದಾಗಬಲ್ಲವರಿಗೆ ಈ ನಿಯಮವು ಸಲ್ಲದೆಂದು ವ್ಯಾಖ್ಯಾನಕಾರರು ಬೇರ್ಪಡಿಸಿ ಹೇಳಿರುವರು. ಆದಕಾರಣ ವೈರದಲ್ಲಿ ಶಾಶ್ವತವೆಂದೂ ಆಗಂತುಕವೆಂದೂ ಎರಡು ಬಗೆಗಳುಂಟು. ಒಂದೇ ಮನೆಯ ಅನ್ನವನ್ನುಣ್ಣುವ ನಾಯಿಬೆಕ್ಕುಗಳ ಜಗಳವು ಇವೆರಡರಲ್ಲಿ ಯಾವ ಬಗೆಯದು? ಈ ತಿಂಗಳು ಅದನ್ನು ವಿಚಾರಮಾಡುವ ಸಂದರ್ಭವು ಒದಗಿದೆ.

ಚನ್ನಗಿರಿಯ ಕಡೆಯ ಗೃಹಸ್ಥರೊಬ್ಬರು ನಮಗೆ ಕಾಗದವನ್ನು ಬರೆದಿರುವರು. ತೋಟದ ಕಾವಲಿಗೆ ನಾಯಿ, ಮೂಟೆಗಳನ್ನು ಇಲಿಗಳಿಂದ ಕಾಯುವುದಕ್ಕೆ ಬೆಕ್ಕು, ಹೀಗೆ ಎರಡೂ ಅವರಲ್ಲಿ ಬಹುದಿನಗಳಿಂದ ಇರುವುವು. ಹಳೆಯ ಹಂಚಿನ ಮನೆಯನ್ನು ಕೆಡವಿ ತಾರಸಿಯ ಮನೆಯನ್ನು ಕಟ್ಟಿಸಿದ್ದಾರೆ. ಗೃಹಪ್ರವೇಶವಾದಂದಿನಿಂದ ಹಗಲಿರುಳೂ ರಂಪವೇ ರಂಪ. ಮೊನ್ನೆ ಜಗಳವನ್ನು ಬಿಡಿಸಹೋದ ಹುಡುಗನ ಕೈಯನ್ನು ಬೆಕ್ಕು ಪರಚಿತು. ಅದನ್ನು ಗೋಣಿಚೀಲದಲ್ಲಿ ಕಟ್ಟಿ ಹಳ್ಳದಾಚೆಗೆ ಬಿಟ್ಟುಬರಬೇಕೆಂದು ಹಿರಿಯರು ತೀರ್ಮಾನಿಸಿದರು. ಹುಡುಗನಾದರೋ ಅಂದಿನಿಂದ ಬೆಕ್ಕನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ಅಗಳಿ ಹಾಕಿ ಕಾಯುತ್ತಿರುವನಂತೆ. ‘ಏನು ಮಾಡುವುದೆಂದು ತಿಳಿಸಿರಿ’ ಎಂದು ಅವರ ಪ್ರಾರ್ಥನೆ.

ಹೊನ್ನಾಳಿ, ನ್ಯಾಮತಿಗಳ ಕಡೆಯಿಂದಲೂ ಇಂಥ ದೂರುಗಳನ್ನು ಕೇಳಿದ್ದೇವೆ. ಜಗಳೂರಿನವರೂ ಹೇಳಿಕೊಂಡಿರುವರು, ಊರಿನ ಹೆಸರಿನಲ್ಲಿಯೇ ಜಗಳವಿದೆಯೆಂದು ಅವರನ್ನು ಹಾಸ್ಯಮಾಡುವವರು, ತಮ್ಮ ಮನೆಯ ಹಿತ್ತಲನ್ನು ಮೊದಲು ನೋಡಿಕೊಳ್ಳುವುದು ಲೇಸು.

ಕಾಗದವನ್ನು ಬರೆದವರು ಕಾರಣವನ್ನು ತಾವೇ ಹೇಳಿ, ಅದನ್ನು ತಾವೇ ಗಮನಿಸದೆ ಬಿಟ್ಟಿರುವರು. ಹಿಂದಿನ ಮನೆಗಳಲ್ಲಿ ಜಗಲಿಯೂ ಅಂಗಳವೂ ನಾಯಿಯವು. ಅಟ್ಟವೂ ತೊಲೆಗಳೂ ಬೆಕ್ಕಿನವು. ನಾಯಿಯು ಬೊಗಳುತ್ತ ಬಂದರೆ ಬೆಕ್ಕು ಒಂದೇ ನೆಗೆತಕ್ಕೆ ಕಣಜವನ್ನೇರಿ, ಅಲ್ಲಿಂದ ಅಟ್ಟವನ್ನು ಸೇರಿ, ಮೇಲೆ ಕುಳಿತು ಮೈಯನ್ನು ನೆಕ್ಕಿಕೊಳ್ಳುತ್ತಿತ್ತು. ನಾಯಿಯು ನಾಲ್ಕು ಸಲ ಬೊಗಳಿ ಸುಮ್ಮನಾಗುತ್ತಿತ್ತು. ಹೊಸಮನೆಯಲ್ಲಿ ಅಟ್ಟವಿಲ್ಲ, ತೊಲೆಯಿಲ್ಲ, ಕಣಜವೂ ಇಲ್ಲ. ನುಣುಪಾದ ಗೋಡೆ, ನುಣುಪಾದ ನೆಲ. ಎರಡು ಪ್ರಾಣಿಗಳಿಗೂ ಒಂದೇ ನೆಲವಾಯಿತು. ಮೇಲಕ್ಕೆ ಹೋಗಲು ದಾರಿಯಿಲ್ಲದ ಬೆಕ್ಕು ಓಡುವುದು. ಓಡುವುದನ್ನು ಕಂಡು ಅಟ್ಟುವುದು ನಾಯಿಯ ಸ್ವಭಾವ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆಯು ಇಲ್ಲಿ ತಿರುಗಿನಿಂತು, ನಾಯಿಗೆ ಚೆಲ್ಲಾಟವೂ ಬೆಕ್ಕಿಗೆ ಪ್ರಾಣಸಂಕಟವೂ ಆಗುವುದು.

ಎರಡನೆಯ ಕಾರಣವು ಭಾಷೆಯದು. ‘ಶಿಕ್ಷಾ’ ಎಂದರೆ ಸಂಸ್ಕೃತದಲ್ಲಿ ಕಲಿಕೆ; ಅದೇ ಶಬ್ದವು ಕನ್ನಡಕ್ಕೆ ಬಂದು ‘ಶಿಕ್ಷೆ’ಯಾದರೆ ದಂಡನೆ. ಒಂದೇ ಶಬ್ದವನ್ನು ಇಬ್ಬರು ಬೇರೆ ಬೇರೆ ಅರ್ಥದಲ್ಲಿ ಹಿಡಿದರೆ ಮಾತು ಕೆಡುವುದು. ನಾಯಿಬೆಕ್ಕುಗಳ ಅಂಗಭಾಷೆಯೂ ಹೀಗೆಯೇ. ನಾಯಿಯು ಮೈಯನ್ನು ಸಡಿಲಬಿಟ್ಟು ಬಾಲವನ್ನಾಡಿಸಿದರೆ ಅದು ಸ್ನೇಹವನ್ನು ಸೂಚಿಸುವುದು; ಬೆಕ್ಕು ಬಾಲವನ್ನು ಅತ್ತಿತ್ತ ಬೀಸಿದರೆ ಅದು ಸಿಡುಕಿನ ಗುರುತು. ನಾಯಿಯು ಅಂಗಾತ ಬಿದ್ದು ಹೊಟ್ಟೆಯನ್ನು ತೋರಿಸಿದರೆ ಬಹುಮಟ್ಟಿಗೆ ಶರಣಾಗತಿ. ಜಗಳದಲ್ಲಿ ಬೆಕ್ಕು ಅಂಗಾತವಾದರೆ, ನಾಲ್ಕು ಕಾಲುಗಳ ಉಗುರುಗಳನ್ನೂ ಸಿದ್ಧಮಾಡಿಕೊಂಡಿತೆಂದರ್ಥ. ನೇರವಾಗಿ ಓಡಿಬಂದು ಮೂಸುವುದು ಆಡಬಯಸುವ ನಾಯಿಯ ಆದರ. ಬೆಕ್ಕಿಗೆ ಅದು ದಂಡಯಾತ್ರೆ.

ಆದರೆ ಈ ಭಾಷೆಯನ್ನು ಒಂದು ಇನ್ನೊಂದರಿಂದ ಕಲಿಯಬಲ್ಲುದು. ೨೦೦೮ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಶಾಸ್ತ್ರಜ್ಞರು, ಒಂದೇ ಸೂರಿನಡಿಯ ನಾಯಿಬೆಕ್ಕುಗಳನ್ನು ಪರಿಶೀಲಿಸಿ ಪ್ರಕಟಿಸಿದ ವಿಷಯವು ಇದೇ. ಬೆಕ್ಕಿಗೆ ೬ ತಿಂಗಳು ತುಂಬುವುದಕ್ಕೆ ಮೊದಲು, ನಾಯಿಗೆ ೧ ವರ್ಷವಾಗುವುದಕ್ಕೆ ಮೊದಲು ಪರಿಚಯವಾದರೆ ಹೊಂದಿಕೆಯು ಸುಲಭವೆಂದೂ, ಹೀಗೆ ಬೆಳೆದವುಗಳಲ್ಲಿ ಬಹಳವು ಪರಸ್ಪರರ ಸಂಜ್ಞೆಗಳನ್ನು ಸರಿಯಾಗಿಯೇ ಗ್ರಹಿಸುವುವೆಂದೂ ಅವರು ಕಂಡರು. ಬೆಕ್ಕುಗಳಲ್ಲಿ ರೂಢಿಯಾದ ಮೂಗಿಗೆ ಮೂಗು ತಾಗಿಸುವ ವಂದನೆಯನ್ನು ನಾಯಿಗಳೂ ಕಲಿತಿದ್ದುವಂತೆ. ಕಲಿಸಿದರೆ ಕಳೆಯುವ ವೈರವು ಶಾಶ್ವತವಾದುದಲ್ಲ. ವಯಸ್ಸಾದ ಪ್ರಾಣಿಗಳಿಗೂ ಪಾಠವು ಹತ್ತುವುದು; ದಿನಗಳು ಮಾತ್ರ ಹೆಚ್ಚು ಹಿಡಿಯುವುವು.

ಇನ್ನು ಮಾಡತಕ್ಕ ಕ್ರಮವು. ಮೊದಲು ಎರಡನ್ನೂ ಒಂದು ವಾರ ಹತ್ತು ದಿನ ಬೇರೆ ಬೇರೆಯಾಗಿಡಬೇಕು. ಬೆಕ್ಕಿಗೆ ಒಂದು ಕೋಣೆ, ಅದರಲ್ಲಿಯೇ ಅನ್ನ, ನೀರು, ಒಂದು ಮೂಲೆಯಲ್ಲಿ ಮರಳು ತುಂಬಿದ ತಟ್ಟೆ. ಕಾಗದ ಬರೆದವರ ಮನೆಯಲ್ಲಿ ಹುಡುಗನು ಯಾರೂ ಹೇಳದೆಯೇ ಈ ಮೊದಲನೆಯ ಪಾಠವನ್ನು ಪ್ರಾರಂಭಿಸಿರುವನೆಂಬುದನ್ನು ಹಿರಿಯರು ಗಮನಿಸಬೇಕು. ಬೆಕ್ಕು ಮಲಗಿದ ಬಟ್ಟೆಯನ್ನು ನಾಯಿಯ ಬಳಿಯೂ, ನಾಯಿಯ ತಟ್ಟನ್ನು ಬೆಕ್ಕಿನ ಬಳಿಯೂ ದಿನಕ್ಕೊಮ್ಮೆ ಇಡುತ್ತಿರಬೇಕು. ಪ್ರಾಣಿಗಳಿಗೆ ಮುಖಪರಿಚಯಕ್ಕಿಂತ ವಾಸನೆಯ ಪರಿಚಯವು ಮೊದಲು. ಅನಂತರ ಮುಚ್ಚಿದ ಬಾಗಿಲಿನ ಎರಡು ಪಕ್ಕಗಳಲ್ಲಿ ಎರಡಕ್ಕೂ ಒಂದೇ ಹೊತ್ತಿಗೆ ಅನ್ನವನ್ನಿಡಬೇಕು. ಆಚೆಯ ವಾಸನೆ ಬಂದಾಗಲೆಲ್ಲ ಅನ್ನವೂ ಬರುವುದೆಂದು ಎರಡಕ್ಕೂ ಮನದಟ್ಟಾಗುವುದು.

ಬಳಿಕ ಮುಖಾಮುಖಿ. ಇದರಲ್ಲಿ ನಾಯಿಯನ್ನು ಕಟ್ಟಿರಬೇಕು, ಬೆಕ್ಕನ್ನು ಬಿಟ್ಟಿರಬೇಕು. ಬೆಕ್ಕನ್ನು ತೋಳಿನಲ್ಲಿ ಹಿಡಿದು ನಾಯಿಯ ಮುಂದೆ ಚಾಚುವುದು ಎಲ್ಲರೂ ಮಾಡುವ ಕೆಲಸ. ಯಾರೂ ಮಾಡಬಾರದ ಕೆಲಸವೂ ಅದೇ. ತಪ್ಪಿಸಿಕೊಳ್ಳಲಾರೆನೆಂದು ತಿಳಿದ ಬೆಕ್ಕು ಹಿಡಿದವರನ್ನೇ ಪರಚುವುದು. ಐದು ನಿಮಿಷದಿಂದ ಆರಂಭಿಸಿ, ನಾಯಿಯು ಬೆಕ್ಕಿನಿಂದ ದೃಷ್ಟಿಯನ್ನು ತೆಗೆದು ಯಜಮಾನನ ಕಡೆಗೆ ತಿರುಗಿದಾಗಲೆಲ್ಲ ರೊಟ್ಟಿಯ ಚೂರೊಂದನ್ನು ಕೊಡಬೇಕು. ಬೆಕ್ಕಿನ ಎದುರಿನಲ್ಲಿ ನಾಯಿಯನ್ನು ಹೊಡೆಯಕೂಡದು. ಏಟಿನ ನೋವನ್ನು ಅದು ಬೆಕ್ಕಿನ ಲೆಕ್ಕಕ್ಕೆ ಬರೆದುಕೊಳ್ಳುವುದು.

ಮೂರನೆಯದು, ಬೆಕ್ಕಿಗೆ ಎತ್ತರವನ್ನು ಕೊಡುವುದು. ಕಳೆದುಹೋದ ಅಟ್ಟಕ್ಕೆ ಬದಲಾಗಿ ಗೋಡೆಗೆ ಮೂರು ನಾಲ್ಕು ಹಲಗೆಗಳನ್ನು ಮೆಟ್ಟಿಲಿನಂತೆ ಬಡಿಸಿದರೆ ಸಾಕು. ಬಡಗಿಗೆ ಅರ್ಧ ದಿನದ ಕೆಲಸ. ಬೆಕ್ಕಿನ ತಟ್ಟೆಯೂ ಆ ಎತ್ತರದಲ್ಲಿಯೇ ಇರಲಿ. ಮರಳಿನ ತಟ್ಟೆಯನ್ನು ನಾಯಿಯು ನುಗ್ಗಲಾರದ ಕಡೆ ಇಡಬೇಕು. ಪ್ರತಿಯೊಂದು ಕೋಣೆಯಿಂದಲೂ ಬೆಕ್ಕಿಗೆ ಒಂದು ದಾರಿಯಿದ್ದರೆ ಅದು ಓಡುವುದಿಲ್ಲ. ಬೆಕ್ಕು ಓಡದಿದ್ದರೆ ನಾಯಿಯು ಅಟ್ಟುವ ಸಂದರ್ಭವೂ ಕಡಮೆಯಾಗುವುದು.

ಮಕ್ಕಳಿಗೆ ಹೇಳತಕ್ಕ ಮಾತು ಒಂದುಂಟು. ವಿನೋದಕ್ಕಾಗಿ ನಾಯಿಯನ್ನು ಬೆಕ್ಕಿನ ಮೇಲೆ ‘ಛೂ’ ಬಿಡುವ ಚಾಳಿಯು ನಮ್ಮ ಊರುಗಳಲ್ಲಿ ಬಹಳ. ಅದು ನಾಯಿಗೆ ಕೊಟ್ಟ ಆಜ್ಞೆ. ಒಂದು ದಿನದ ಆಟಕ್ಕೆ ಕೊಟ್ಟ ಆಜ್ಞೆಯನ್ನು ಅದು ಬಹುಕಾಲ ಪಾಲಿಸುವುದು. ಹಿರಿಯರೇ ಛೂ ಬಿಡುವ ಮನೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವರು ಯಾರು?

ಇಷ್ಟಾದರೂ ಒಮ್ಮೊಮ್ಮೆ ಕಾದಾಟವಾಗಬಹುದು. ಆಗ ನಡುವೆ ಕೈಯನ್ನು ಹಾಕಲೇಬಾರದು. ತಟ್ಟೆಯನ್ನು ಬಡಿದು ಸದ್ದುಮಾಡಬಹುದು, ನೀರನ್ನು ಎರಚಬಹುದು, ಕಂಬಳಿಯನ್ನು ಎಸೆಯಬಹುದು, ಮಣೆಯನ್ನು ಅಡ್ಡಹಿಡಿಯಬಹುದು. ಕಚ್ಚಿದ ಅಥವಾ ಪರಚಿದ ಗಾಯವಾದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚಕೂಡದು. ಹುಚ್ಚುರೋಗವು ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರಬಹುದು. ರೋಗಲಕ್ಷಣಗಳು ತೋರಿದ ಮೇಲೆ ಉಳಿಯುವುದು ಅತ್ಯಂತ ವಿರಳ. ಆದಕಾರಣ ಕಾಗದವನ್ನು ಬರೆದವರು, ಹುಡುಗನ ಗಾಯವು ಒಣಗಿತೆಂದು ಸುಮ್ಮನಿರದೆ, ಈ ಲೇಖನವನ್ನು ಕೆಳಗಿಟ್ಟು ಮೊದಲು ಅವನನ್ನು ವೈದ್ಯರಿಗೆ ತೋರಿಸಬೇಕು. ನಾಯಿಬೆಕ್ಕುಗಳಿಗೆ ಮೂರು ತಿಂಗಳಾದ ಮೇಲೆ ಪಶುವೈದ್ಯರಿಂದ ಲಸಿಕೆಯನ್ನು ಹಾಕಿಸಿ, ಅವರು ಹೇಳಿದಂತೆ ವರುಷ ವರುಷವೂ ಮುಂದುವರಿಸಬೇಕು.

ಎಲ್ಲ ನಾಯಿಗಳೂ ಪಳಗುವುವೆಂದು ನಾವು ಹೇಳುವುದಿಲ್ಲ. ನಮ್ಮ ನಾಡಿನ ಮುಧೋಳದ ನಾಯಿಯಂಥ ಬೇಟೆಯ ತಳಿಗಳಿಗೆ ಓಡುವುದನ್ನು ಅಟ್ಟಿ ಹಿಡಿಯುವುದೇ ಕುಲವಿದ್ಯೆ. ಒಮ್ಮೆ ಬೆಕ್ಕನ್ನು ಕೊಂದ ನಾಯಿಯನ್ನೂ ನಂಬತಕ್ಕದ್ದಲ್ಲ. ಇಂಥ ಕಡೆ ಎರಡನ್ನೂ ಎಂದೆಂದಿಗೂ ಬೇರೆಯಾಗಿಡಬೇಕು; ಇಲ್ಲವೆ ಬೆಕ್ಕನ್ನು ಬೇಕೆಂದು ಕೇಳುವ, ಗೊತ್ತಿದ್ದ ಮನೆಗೆ ಕೈಯಾರೆ ಒಪ್ಪಿಸಬೇಕು.

ಹಳ್ಳದಾಚೆಗೆ ಬಿಡುವುದು ಒಪ್ಪಿಸುವುದಲ್ಲ. ಮನೆಯಲ್ಲಿ ಬೆಳೆದ ಬೆಕ್ಕು ಅಲ್ಲಿ ಹಸಿವಿನಿಂದಲೋ ಬೀದಿನಾಯಿಗಳಿಂದಲೋ ಸಾಯುವುದು. ಇಲ್ಲವೆ ಬಡಕಲಾಗಿ ಮನೆಗೆ ಹಿಂದಿರುಗಿ ಬರುವುದು. ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಆಗಿರುವುದು. ಕಾಯಿದೆಯ ಮಾತು ಹಾಗಿರಲಿ. ಮೂಟೆಗಳನ್ನು ಕಾಯುವಷ್ಟು ದಿನ ಇಟ್ಟುಕೊಂಡು, ಮನೆಯನ್ನು ನಾವು ಬದಲಿಸಿದ್ದಕ್ಕಾಗಿ ಅದನ್ನು ಹೊರಹಾಕುವುದು ನ್ಯಾಯವೇ? ಬಾಗಿಲ ಹಿಂದೆ ಕುಳಿತಿರುವ ಹುಡುಗನು ಇದಕ್ಕೆ ಏನು ಉತ್ತರ ಬರುವುದೆಂದು ನೋಡುತ್ತಿರುವನು. ಕೈಲಾಗದವರನ್ನು ಮನೆಯು ಹೇಗೆ ನಡೆಸಿಕೊಳ್ಳುವುದೆಂಬ ಪಾಠವನ್ನು ಅವನು ಪುಸ್ತಕದಿಂದ ಕಲಿಯುವುದಿಲ್ಲ.

ಆ ಗೋಣಿಚೀಲವನ್ನು ಎರಡಾಗಿ ಕತ್ತರಿಸಿ, ಒಂದು ತುಂಡನ್ನು ನಾಯಿಗೂ ಒಂದನ್ನು ಬೆಕ್ಕಿಗೂ ಹಾಸಿರಿ. ದಿನಕ್ಕೊಮ್ಮೆ ಅದಲುಬದಲು ಮಾಡುತ್ತಿರಿ. ತಿಂಗಳು ಕಳೆದ ಮೇಲೆ ಏನಾಯಿತೆಂದು ನಮಗೆ ಬರೆಯಿರಿ.