ಹೊಳಪು ಬೇರೆ, ಕಳೆ ಬೇರೆ

ಕ್ಯಾಂಪಸ್‌ನ ವಾಟ್ಸ್ಯಾಪ್ ಗುಂಪುಗಳಲ್ಲಿ ಆಗಾಗ ಒಂದು ವಿಡಿಯೊ ಸುತ್ತು ಹೊಡೀತಾ ಇರತ್ತೆ. ವೈಷ್ಣೋದೇವಿ ಚಿತ್ರ ಇರುವ ಐದು ರೂಪಾಯಿ ನಾಣ್ಯ ನಿಮ್ಮ ಹತ್ರ ಇದ್ರೆ ನೀವೇ ಲಕ್ಷಾಧೀಶರು, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಅಂತ. ಮಾಡಿದವರಿಗೆ ಮೊದಲು ನೋಂದಣಿ ಶುಲ್ಕ ಕೇಳುತ್ತಾರೆ, ಆಮೇಲೆ ತೆರಿಗೆ ಅನ್ನುತ್ತಾರೆ, ಅದಾದ ಮೇಲೆ ಫೋನೇ ಎತ್ತುವುದಿಲ್ಲ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು-ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ವಸೂಲಿ ಮಾಡುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ ಎಂದು ಹೇಳಬೇಕಾಯಿತು. ಅಂದಹಾಗೆ ಆ ವೈಷ್ಣೋದೇವಿ ನಾಣ್ಯ 2012ರದ್ದು. ಚಲಾವಣೆಗೆಂದೇ ರಾಶಿ ರಾಶಿ ಹೊಡೆದದ್ದು. ಅದರ ಬೆಲೆ ಐದು ರೂಪಾಯಿ.

ಮೋಸ ಮಾಡುವವರ ಮಾತು ಹಾಗಿರಲಿ. ಆ ವಿಡಿಯೊ ನೋಡಿದ ಮೇಲೆ ನಮ್ಮಲ್ಲಿ ಅನೇಕರು ಮನೆಯಲ್ಲಿರುವ ಹಳೆಯ ಡಬ್ಬಿ ತೆಗೆಯುತ್ತಾರೆ. ಒಳಗೆ ಅಜ್ಜಿ ಕಟ್ಟಿಟ್ಟ ನಾಲ್ಕು ಬೆಳ್ಳಿ ರೂಪಾಯಿ, ಒಂದಿಷ್ಟು ತಾಮ್ರದ ಕಾಸು. ಆಗ ಕೇಳುವ ಮೊದಲ ಪ್ರಶ್ನೆ, “ಇದಕ್ಕೆ ಎಷ್ಟು ಬರತ್ತೆ?” ಮಾಡುವ ಮೊದಲ ಕೆಲಸ, ಚೆನ್ನಾಗಿ ಕಾಣಲಿ ಅಂತ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುವುದು. ಈ ಲೇಖನ ಬರೆಯುತ್ತಿರುವುದು ಆ ಎರಡನೆಯ ಕೆಲಸವನ್ನು ನಿಲ್ಲಿಸುವುದಕ್ಕೆ.

ಕನ್ನಡ ಸಂಘದಲ್ಲಿ ನಾಣ್ಯದ ಹುಚ್ಚಿರುವ ನಾಲ್ಕೈದು ಜನ ಇದ್ದೇವೆ. ನಾಣ್ಯವೊಂದನ್ನು ಅಳೆಯುವಾಗ ಯಾವ ಗುಣ ಮುಖ್ಯ ಅನ್ನೋದು ನಮ್ಮ ನಡುವೆ ಮುಗಿಯದ ಜಗಳ. ಲೋಹ, ವಯಸ್ಸು, ವಿರಳತೆ, ಸವೆತ, ಅಚ್ಚಿನ ಸ್ಪಷ್ಟತೆ, ಚೆಲುವು ಅಂತ ಪಟ್ಟಿ ಉದ್ದವಿದೆ. ಆದರೆ ಒಂದು ವಿಷಯಕ್ಕೆ ನಮ್ಮಲ್ಲಿ ಒಮ್ಮತವಿದೆ. ನಾಣ್ಯ ಅಸಲಿ ಅಂತ ಗೊತ್ತಾದ ಮೇಲೆ ನೋಡಬೇಕಾದ ಮೊದಲ ಗುಣ ಅದರ ಮೈ. ಯಾರೂ ತಿಕ್ಕದ, ತೀಡದ, ತಿದ್ದದ ಮೈ. ಉಳಿದದ್ದೆಲ್ಲ ಆಮೇಲೆ.

ಮೊದಲು ಅಸಲಿಯೋ ನಕಲಿಯೋ ನೋಡೋಣ. ಇದು ಎಂಜಿನಿಯರಿಂಗ್ ಓದುವವರಿಗೆ ಕಷ್ಟವೇ ಅಲ್ಲ. ವಿಕ್ಟೋರಿಯಾ ರಾಣಿಯ ಅಥವಾ ಐದನೇ ಜಾರ್ಜ್‌ನ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 91.7, ಉಳಿದದ್ದು ತಾಮ್ರ. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ಲೆಕ್ಕ ಹಾಕಿದರೆ ಈ ಮಿಶ್ರಲೋಹದ ಸಾಂದ್ರತೆ ಸುಮಾರು 10.3 ಬರುತ್ತದೆ. ಈಗ ಗ್ರಾಂನ ನೂರನೇ ಒಂದು ಭಾಗ ತೋರಿಸುವ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ಮುಳುಗಿಸಿ. ತಕ್ಕಡಿ 1.13ರ ಆಸುಪಾಸು ತೋರಿಸಬೇಕು. ಅದೇ ತೂಕದ, ಬೆಳ್ಳಿ ನೀರು ಕುಡಿಸಿದ ಹಿತ್ತಾಳೆ ನಾಣ್ಯವಾದರೆ 1.37ರ ಹತ್ತಿರ ಹೋಗುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಇಷ್ಟೇ, ನಾವು ಪರೀಕ್ಷೆಗೆ ಬರೆದು ಮರೆತದ್ದೂ ಇದೇ. ಇನ್ನೊಂದು ಅನುಕೂಲ ನೋಡಿ. ನಾಣ್ಯ ಸವೆದಿದ್ದರೆ ತೂಕ ಕಡಿಮೆ ಇರುತ್ತದೆ, ಆದರೆ ಸಾಂದ್ರತೆ ಬದಲಾಗುವುದಿಲ್ಲ.

ಆಯಸ್ಕಾಂತವನ್ನೂ ಹಿಡಿದು ನೋಡಿ, ಆದರೆ ಇಸವಿ ನೋಡಿಕೊಂಡು. 1919ರ ಬೆಳ್ಳಿ ರೂಪಾಯಿ ಆಯಸ್ಕಾಂತಕ್ಕೆ ಅಂಟಿದರೆ ಅದು ನಕಲಿ. 1947ರ ರೂಪಾಯಿ ಅಂಟದಿದ್ದರೆ ಅನುಮಾನ ಪಡಿ. ಯಾಕಂದ್ರೆ 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ಹೊತ್ತಿಗೆ ಪೂರ್ತಿ ಹೋಗಿ ನಿಕಲ್ ಬಂದಿತ್ತು. ನಿಕಲ್ ಆಯಸ್ಕಾಂತಕ್ಕೆ ಅಂಟಲೇಬೇಕು.

ಇದಿಷ್ಟು ಪಾಸ್ ಆಯಿತು ಅಂದುಕೊಳ್ಳಿ. ಈಗ ಮೈಯ ವಿಷಯ.

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯ ಮೇಲೆ ಅಚ್ಚು ಬಡಿದಾಗ ಲೋಹ ಮಧ್ಯದಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನಿಂದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ಓರೆಯಾಗಿ ತಿರುಗಿಸಿದರೆ ಚಕ್ರದ ಅರೆಗಳ ಹಾಗೆ ಬೆಳಕು ಸುತ್ತುತ್ತದಲ್ಲ, ಅದು ಈ ಗೆರೆಗಳ ಆಟ. ನಾವು ಅದನ್ನು ಕಳೆ ಅನ್ನುತ್ತೇವೆ. ಮುಖದಲ್ಲಿ ಕಳೆ ಇದೆ ಅಂತೀವಲ್ಲ, ಹಾಗೆ. ತಿಕ್ಕಿದಾಗ ಬರುವುದು ಹೊಳಪು. ತಿಕ್ಕಿದ ನಾಣ್ಯದ ಮೇಲೆ ಬೆಳಕು ಸುತ್ತುವುದಿಲ್ಲ, ಕನ್ನಡಿಯ ಮೇಲೆ ಬಿದ್ದ ಹಾಗೆ ಒಂದೇ ಕಡೆ ಚಪ್ಪಟೆಯಾಗಿ ಬೀಳುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೇ ದಿಕ್ಕಿಗೆ ಎಳೆದ ನೂರಾರು ಗೀರು ಕಾಣುತ್ತವೆ. ಹೊಳಪು ಬಂತು, ಕಳೆ ಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ತಾಮ್ರದ ಕಥೆ ಇನ್ನೂ ಸೂಕ್ಷ್ಮ. ಹಳೆಯ ತಾಮ್ರದ ಮೇಲೆ ಕಂದು, ಕಪ್ಪು, ಹಸಿರು ಪದರ ಕೂತಿರುತ್ತದೆ. ಅದು ಮೇಲಿನಿಂದ ಬಂದು ಅಂಟಿದ ಕೊಳೆ ಅಲ್ಲ. ನಾಣ್ಯದ ಹೊರಮೈಯೇ ಗಾಳಿ, ತೇವದ ಜೊತೆ ಸೇರಿ ಹಾಗಾಗಿರುತ್ತದೆ. ಎಷ್ಟೋ ಸಲ ಅಕ್ಷರದ ಅಂಚು, ಆನೆಯ ಸೊಂಡಿಲಿನ ಗೆರೆ ಉಳಿದಿರುವುದು ಆ ಪದರದಲ್ಲೇ. ಹುಣಸೆಹಣ್ಣಿನ ಆಮ್ಲ ಅದನ್ನು ಕರಗಿಸುತ್ತದೆ, ಉಪ್ಪು-ಬೂದಿ ಕೆರೆದು ತೆಗೆಯುತ್ತವೆ. ಉಳಿಯುವುದು ಗುಲಾಬಿ ಬಣ್ಣದ, ಮುಖ ಅಳಿಸಿಹೋದ ಬಿಲ್ಲೆ.

“ಬೆಳ್ಳಿಯ ಕಪ್ಪು ಬರೀ ಸಲ್ಫೈಡ್ ಅಲ್ವಾ? ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು ಹಾಕಿದ್ರೆ ವಾಪಸ್ ಬೆಳ್ಳಿಯೇ ಆಗತ್ತಲ್ಲ?” ಅಂತ ಕೆಮಿಕಲ್ ಬ್ರಾಂಚಿನ ಗೆಳೆಯರು ಕೇಳಬಹುದು. ನಿಜ, ಆಗುತ್ತದೆ. ಆದರೆ ಮರಳಿ ಬಂದ ಬೆಳ್ಳಿ ಆ ಹಳೆಯ ಗೆರೆಗಳಲ್ಲಿ ಹಳೆಯ ಹಾಗೆ ಹೋಗಿ ಕೂರುವುದಿಲ್ಲ. ಸಮೀಕರಣ ಸರಿಹೋಯಿತು, ನಾಣ್ಯ ಸರಿಹೋಗಲಿಲ್ಲ.

ಹಾಗಾದರೆ ಅಂಕ ಕೊಡುವವರು ಏನನ್ನುತ್ತಾರೆ? ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗೆ ಒಂದರಿಂದ ಎಪ್ಪತ್ತರವರೆಗಿನ ಅಂಕಪಟ್ಟಿ ಮಾಡಿದರು. ಎಪ್ಪತ್ತು ಅಂಕದ ನಾಣ್ಯ ಒಂದು ಅಂಕದ ನಾಣ್ಯಕ್ಕಿಂತ ಎಪ್ಪತ್ತು ಪಟ್ಟು ಬೆಲೆ ಬಾಳಬೇಕು ಅನ್ನುವುದು ಅವರ ಲೆಕ್ಕವಾಗಿತ್ತು. ಬೆಲೆಯ ಆ ಲೆಕ್ಕ ಬಿದ್ದುಹೋಯಿತು, ಅಂಕ ಉಳಿಯಿತು. 1986 ಮತ್ತು 1987ರಲ್ಲಿ ಅಲ್ಲಿ ಶುರುವಾದ ಎರಡು ದೊಡ್ಡ ಸಂಸ್ಥೆಗಳು ಇವತ್ತಿಗೂ ನಾಣ್ಯವನ್ನು ಪರೀಕ್ಷಿಸಿ, ಈ ಅಂಕ ಹಾಕಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಭಾರತದ ನಾಣ್ಯಗಳೂ ಅಲ್ಲಿಗೆ ಹೋಗಿ ಅಂಕ ಪಡೆದು ಬರುತ್ತವೆ. ದೂರದಲ್ಲಿ ಕೂತು ಕೊಳ್ಳುವವನಿಗೆ ಅದರಿಂದ ಉಪಯೋಗವಿದೆ, ಇಲ್ಲ ಅನ್ನೋಕಾಗಲ್ಲ. ಆದರೆ ಅದು ನಮ್ಮ ಸಿಜಿಪಿಎ ಇದ್ದ ಹಾಗೆ. ಎಂಟೂವರೆ ಅಂದ್ರೆ ಎಂಟೂವರೆ, ಆ ಹುಡುಗ ಅಥವಾ ಹುಡುಗಿ ಯಾವ ವಿಷಯದಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಅಂತ ಅಂಕ ಹೇಳುವುದಿಲ್ಲ.

ಇಷ್ಟಿದ್ದೂ ಈ ಸಂಸ್ಥೆಗಳ ಒಂದು ನಿಯಮ ನಮ್ಮ ವಾದಕ್ಕೇ ಬಲ ಕೊಡುತ್ತದೆ. ಕೆಟ್ಟದಾಗಿ ತಿಕ್ಕಿದ ನಾಣ್ಯ ಬಂದರೆ ಅವರು ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ. ಅಸಲಿ, ಆದರೆ ತಿಕ್ಕಲಾಗಿದೆ ಅಂತ ಬರೆದು ಕಳಿಸುತ್ತಾರೆ. ಅಂದ್ರೆ ಬೆಲೆ ಬಿಟ್ಟು ಬೇರೆ ಮಾತಾಡದ ಮಾರುಕಟ್ಟೆಯೂ ಇದನ್ನು ಒಪ್ಪುತ್ತದೆ. ಸವೆದ ನಾಣ್ಯಕ್ಕೆ ಕಡಿಮೆ ಅಂಕ ಸಿಗುತ್ತದೆ, ತಿಕ್ಕಿದ ನಾಣ್ಯ ಪರೀಕ್ಷೆಗೇ ಅನರ್ಹ. ಸವೆತ ಅಂದರೆ ನಾಣ್ಯ ತನ್ನ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಸಂತೆಯಲ್ಲಿ, ಹುಂಡಿಯಲ್ಲಿ, ಸೀರೆಯ ಸೆರಗಿನ ಗಂಟಿನಲ್ಲಿ ಅದು ಬದುಕಿದ ಲೆಕ್ಕ. ತಿಕ್ಕಿದ ಗೀರು ಆ ಲೆಕ್ಕದ ಮೇಲೆ ಯಾರೋ ಎಳೆದ ಗೆರೆ.

ವಿರಳತೆ ದೊಡ್ಡದು ಅನ್ನುವವರ ವಾದವನ್ನೂ ಕೇಳೋಣ. ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಸಿಗುವುದು ಅಪರೂಪ, ಬೇರೆ ವರ್ಷದವು ಸಲೀಸಾಗಿ ಸಿಗುತ್ತವೆ. ಹಾಗಾಗಿ ಆ ಒಂದು ಇಸವಿಗೆ ಬೇಡಿಕೆ ಜಾಸ್ತಿ. ಸರಿ. ಆದರೆ ಬೇಡಿಕೆ ಇರುವ ಕಡೆಗೇ ಕಳ್ಳಕೈ ಹೋಗುತ್ತದೆ. ಇಸವಿಯ ಒಂದು ಅಂಕಿ ಕೊರೆದು ತಿದ್ದುವುದು ನಾಣ್ಯಲೋಕದ ಹಳೆಯ ವಿದ್ಯೆ. ಅದು ಸಿಕ್ಕಿಬೀಳುವುದು ಎಲ್ಲಿ? ಮತ್ತೆ ಮೈಯಲ್ಲೇ. ತಿದ್ದಿದ ಅಂಕಿಯ ಸುತ್ತ ಲೋಹದ ಹರಿವು ತಪ್ಪಿರುತ್ತದೆ, ಬಣ್ಣ ಬೇರೆ ಇರುತ್ತದೆ. ಇಡೀ ನಾಣ್ಯವನ್ನು ಮೊದಲೇ ತಿಕ್ಕಿಬಿಟ್ಟಿದ್ದರೆ ಆ ಸಾಕ್ಷಿಯೂ ಅಳಿಸಿಹೋಗುತ್ತದೆ. ಇನ್ನು 1911ರ ‘ಹಂದಿ ರೂಪಾಯಿ’ ನೋಡಿ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯ ಹಾಗೆ ಕಂಡು ಗಲಾಟೆಯಾಗಿ, 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು. ಈ ನಾಣ್ಯದ ಸ್ವಾರಸ್ಯವೆಲ್ಲ ಇರುವುದು ಎದೆಯ ಮೇಲಿನ ಕಡಲೆಕಾಳಿನಷ್ಟು ಜಾಗದಲ್ಲಿ. ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದರೆ ಆನೆಯೂ ಇಲ್ಲ, ಹಂದಿಯೂ ಇಲ್ಲ.

ಅಚ್ಚಿನ ಅಂದಕ್ಕೂ ಒಂದೇ ಅಳತೆ ಇಲ್ಲ. ಟಿಪ್ಪುವಿನ ತಾಮ್ರದ ಆನೆ ಪೈಸೆ ಕೈಯಿಂದ ಸುತ್ತಿಗೆಯಲ್ಲಿ ಬಡಿದದ್ದು. ಚಿತ್ರ ಒಂದು ಕಡೆ ಸರಿದಿರುತ್ತದೆ, ಆನೆಯ ಬಾಲ ಬಿಲ್ಲೆಯಾಚೆ ಹೋಗಿರುತ್ತದೆ. ಅವನು ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿ ಅಚ್ಚು ತಪ್ಪಿದೆ ಅಂದರೆ ತಪ್ಪು ನಮ್ಮದು, ಅಚ್ಚಿನದ್ದಲ್ಲ. ಮೈಸೂರಿನ ಕಂಠೀರವ ನರಸರಾಜರ ಹೆಸರಿನ ಕಂಠೀರಾಯ ಹಣ ಬೇಳೆ ಕಾಳಿನಷ್ಟು ಚಿಕ್ಕ ಚಿನ್ನದ ಚೂರು, ಅದರಲ್ಲಿ ದೇವರ ಪೂರ್ತಿ ಆಕೃತಿ ಹುಡುಕಬಾರದು. ಒಂದೊಂದು ಯಂತ್ರಕ್ಕೆ ಒಂದೊಂದು ಟಾಲರೆನ್ಸ್ ಅಂತ ವರ್ಕ್‌ಶಾಪಿನಲ್ಲಿ ಕಲಿಸುತ್ತಾರಲ್ಲ, ಇಲ್ಲೂ ಹಾಗೇ. ಆದರೆ ಕೈಯಚ್ಚಿರಲಿ, ಯಂತ್ರದಚ್ಚಿರಲಿ, ಮುಟ್ಟದ ಮೈ ಅನ್ನುವ ಅಳತೆ ಎರಡಕ್ಕೂ ಒಂದೇ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಭೂಮಿಯಿಂದ ಅಗೆದು ತೆಗೆದ ನಾಣ್ಯಗಳನ್ನು ಸ್ವಚ್ಛ ಮಾಡಲೇಬೇಕಲ್ಲ? ವಸ್ತುಸಂಗ್ರಹಾಲಯಗಳೂ ಮಾಡುತ್ತವಲ್ಲ? ಹೌದು. ಮಣ್ಣು ಹಿಡಿದ ನಾಣ್ಯವನ್ನು ಓದಲು ಸಾಧ್ಯವಿಲ್ಲ. ಕ್ಲೋರೈಡ್ ಸೇರಿ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ, ಬಿಟ್ಟರೆ ನಾಣ್ಯವನ್ನೇ ತಿಂದುಬಿಡುತ್ತದೆ. ಆದರೆ ಅಲ್ಲಿ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ, ಎಲ್ಲಿ ನಿಲ್ಲಿಸಬೇಕು ಅಂತ ತಿಳಿದು ಮಾಡುತ್ತಾರೆ. ಏನು ಮಾಡಿದೆವು ಅಂತ ಬರೆದಿಡುತ್ತಾರೆ. ಚಿಕಿತ್ಸೆ ಬೇರೆ, ಶೃಂಗಾರ ಬೇರೆ. ಹಾಗೆಯೇ ಹೊಲದಲ್ಲಿ ನಾಣ್ಯದ ಮಡಕೆ ಸಿಕ್ಕರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು ಅನ್ನುವ 1878ರ ನಿಧಿ ಕಾಯ್ದೆಯೂ ಇದೆ. ಯಾವ ನಾಣ್ಯದ ಪಕ್ಕ ಯಾವುದಿತ್ತು ಅನ್ನುವುದೂ ತಿಕ್ಕಿದರೆ, ಚದುರಿಸಿದರೆ ಮತ್ತೆ ಸಿಗದ ಸಾಕ್ಷಿ.

ಪೂಜೆಯ ನಾಣ್ಯದ ಬಗ್ಗೆಯೂ ಹೇಳಿಬಿಡೋಣ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯಲ್ಲಿ ಬೆಳ್ಳಿ ರೂಪಾಯಿ ತೊಳೆದು ಬೆಳಗಿ ಕಲಶದ ಮುಂದೆ ಇಡುತ್ತಾರೆ. ಅದು ಲಕ್ಷ್ಮಿ, ಅದರ ಲೆಕ್ಕ ಬೇರೆ. ಅಮ್ಮನ ಜೊತೆ ಜಗಳಕ್ಕೆ ಹೋಗಬೇಡಿ. ಪೂಜೆಗೆ ಒಂದೆರಡು ಬಿಟ್ಟು, ಉಳಿದವನ್ನು ಬೇರೆ ತೆಗೆದಿಡೋಣ ಅಂತ ಕೇಳಿ, ಸಾಕು.

ನಮ್ಮ ಭಾಷೆಯಲ್ಲಿ ಹಣ, ದುಡ್ಡು, ಕಾಸು ಅಂತ ದಿನಾ ಅನ್ನುತ್ತೇವೆ. ಮೂರೂ ಒಂದು ಕಾಲಕ್ಕೆ ನಾಣ್ಯಗಳ ಹೆಸರು, ಕೈಯಲ್ಲಿ ಹಿಡಿಯಬಹುದಾಗಿದ್ದ ಲೋಹದ ಬಿಲ್ಲೆಗಳು. ಯುಪಿಐ ಕಾಲದಲ್ಲಿ ಹೆಸರು ಉಳಿದಿದೆ, ಬಿಲ್ಲೆಗಳು ಡಬ್ಬಿ ಸೇರಿವೆ. ಆ ಡಬ್ಬಿಯಿಂದ ಬೆಳ್ಳಿ ಅಂಗಡಿಗೆ ಹೋದರೆ ಅದು ಬರೀ ಹನ್ನೊಂದು ಚಿಲ್ಲರೆ ಗ್ರಾಂ, ಕರಗಿಸಿ ಕಾಲುಂಗುರ ಮಾಡುತ್ತಾರೆ. ತಿಕ್ಕುವ ಪುಡಿಗೆ ಸಿಕ್ಕರೆ ಅರ್ಧ ಕರಗಿದ ಹಾಗೇ. ಬೆಲೆ ಇವತ್ತಲ್ಲ ನಾಳೆ ತಿಳಿಯಬಹುದು. ವಿರಳವೋ ಅಲ್ಲವೋ ಪುಸ್ತಕ ನೋಡಿ ಹೇಳಬಹುದು. ಲೋಹ ಯಾವುದು ಅಂತ ಲೋಟದ ನೀರೇ ಹೇಳುತ್ತದೆ. ಇವೆಲ್ಲ ಕಾಯುತ್ತವೆ. ಹೋದ ಮೈ ಮಾತ್ರ ಮತ್ತೆ ಬರುವುದಿಲ್ಲ. ಅದನ್ನು ಮೊದಲ ಅಳತೆ ಅನ್ನುವುದಕ್ಕೆ ನಮ್ಮ ಕಾರಣ ಇಷ್ಟೇ.

ಈ ಸಲ ಊರಿಗೆ ಹೋದಾಗ ಡಬ್ಬಿ ತೆಗೆಯಿರಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖಕ್ಕೆ ಬೆರಳು ತಾಗಿಸಬೇಡಿ. ಎರಡೂ ಬದಿಯ ಫೋಟೊ ತೆಗೆದು, ತೂಕ ಬರೆದಿಡಿ. ಪಿವಿಸಿ ಕವರು ಬೇಡ, ಅದು ಕಾಲಕ್ರಮೇಣ ಹಸಿರು ಲೋಳೆ ಬಿಡುತ್ತದೆ. ಒಣ ಕಾಗದದ ಲಕೋಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಇಟ್ಟು, ಡಬ್ಬಿಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಇದು ಯಾರದ್ದು, ಎಲ್ಲಿಂದ ಬಂತು ಅಂತ ಅಜ್ಜಿಯನ್ನು ಕೇಳಿ, ಅವರು ಹೇಳಿದ್ದನ್ನು ಲಕೋಟೆಯ ಮೇಲೆ ಬರೆಯಿರಿ. ಆ ಎರಡು ಸಾಲನ್ನು ಯಾವ ಸಂಸ್ಥೆಯೂ ಹೊಸದಾಗಿ ಬರೆದುಕೊಡಲಾರದು.

ಮನೆಯಲ್ಲಿ ಡಬ್ಬಿಯೇ ಇಲ್ಲ ಅನ್ನುವವರು ಜೇಬಿನಿಂದಲೇ ಶುರು ಮಾಡಿ. ಕ್ಯಾಂಟೀನಿನ ಚಿಲ್ಲರೆಯಲ್ಲಿ ಇಸವಿಯ ಕೆಳಗೆ ನೋಡಿ. ವಜ್ರದಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಕಣ್ಣು ಅಲ್ಲಿಂದ ಪಳಗಲಿ. ಇದಕ್ಕೆ ಎಷ್ಟು ಬರತ್ತೆ ಅಂತ ಯಾರಾದರೂ ಕೇಳಿದರೆ, ಮೊದಲು ನೋಡೋಣ ಕೊಡಿ, ತಿಕ್ಕಬೇಡಿ ಅನ್ನಿ.